ಮುಳ್ಳಿದ್ದದ್ದೆಲ್ಲ ಬ್ರಹ್ಮದಂಡೆ ಅಲ್ಲ

ಚಳಿ ಕಡಿಮೆಯಾಗುತ್ತಿದ್ದಂತೆ ನನ್ನ ಫೋನಿಗೆ ಮುಳ್ಳುಗಿಡಗಳ ಫೋಟೊ ಬರೋಕೆ ಶುರುವಾಗುತ್ತವೆ. ಅರ್ಧ ಫೋಟೊಗಳಲ್ಲಿ ಹೂವೇ ಇರುವುದಿಲ್ಲ. ಎಲೆಯ ಹಿಂಭಾಗವನ್ನಂತೂ ಯಾರೂ ತೆಗೆಯುವುದಿಲ್ಲ. ಇದು ಯಾವ ಗಿಡ ಅಂತ ಕೇಳುವವರು ಅಪರೂಪ. ಎಲ್ಲರಿಗೂ ಬೇಕಿರುವುದು ಒಂದೇ: ಇದು ಯಾವ ಕಾಯಿಲೆಗೆ ಮದ್ದು?

ಪ್ರಶ್ನೆ: ಮೇಡಂ, ನಮ್ಮ ಹೊಲದ ಬದುವಿನಲ್ಲಿ ಹಳದಿ ಹೂವಿನ ಮುಳ್ಳುಗಿಡ ಹುಲುಸಾಗಿ ಬೆಳೆದಿದೆ. ಇದೇ ಬ್ರಹ್ಮದಂಡೆ, ಬೀಜ ಅರೆದು ಖಾಲಿ ಹೊಟ್ಟೆಗೆ ಕುಡಿದರೆ ಸಕ್ಕರೆ ಕಾಯಿಲೆ ಇಳಿಯುತ್ತದೆ ಅಂತ ಒಬ್ಬರು ವಿಡಿಯೊದಲ್ಲಿ ಹೇಳಿದರು. ಅತ್ತೆಯವರು ಕೆಲವು ದಿನಗಳಿಂದ ಕುಡಿಯುತ್ತಿದ್ದಾರೆ. ಈಗ ಕಾಲು ಊದಿಕೊಂಡಿವೆ. ಮುಂದುವರಿಸಬಹುದಾ?

ನಿಮಗೆ ಫೋನಿನಲ್ಲೇ ಹೇಳಿದ್ದೇನೆ ತಾಯಿ: ನಿಲ್ಲಿಸಿ, ಇವತ್ತೇ ಆಸ್ಪತ್ರೆಗೆ ಹೋಗಿ, ಆ ಬೀಜವನ್ನು ಚೀಟಿಯಲ್ಲಿ ಕಟ್ಟಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಇಲ್ಲಿ ಬರೆಯುತ್ತಿರುವುದು ಅದೇ ವಿಡಿಯೊ ನೋಡಿ ಬೀಜ ಒಣಗಿಸುತ್ತಾ ಕೂತಿರುವ ಉಳಿದವರಿಗೆ.

ನೀವು ಕಳಿಸಿದ ಫೋಟೊದಲ್ಲಿ ಇರುವುದು ಅರ್ಜಿಮೋನ್. ನಮ್ಮಲ್ಲಿ ದತ್ತೂರಿ ಅಂತಲೂ ಕರೆಯುತ್ತಾರೆ, ಆದರೆ ಇದು ಉಮ್ಮತ್ತಿಯ ಜಾತಿಯಲ್ಲ. ಮೆಕ್ಸಿಕೊ ಕಡೆಯಿಂದ ಬಂದು ಇಲ್ಲಿ ಬೇರೂರಿದ ಕಳೆ, ಗಸಗಸೆಯ ಕುಟುಂಬದ್ದು. ಇಂಗ್ಲಿಷಿನಲ್ಲಿ ಥಿಸಲ್ ಅನ್ನುವ ಮುಳ್ಳುಗಿಡಗಳ ಗುಂಪಿಗೂ ಇದಕ್ಕೂ ನೆಂಟಸ್ತಿಕೆಯೇ ಇಲ್ಲ, ಮುಳ್ಳೊಂದು ಬಿಟ್ಟರೆ. ನಿಜವಾದ ಥಿಸಲ್‌ಗಳು ಸೂರ್ಯಕಾಂತಿ ಕುಟುಂಬದವು. ಅವುಗಳಲ್ಲಿ ಹೂವು ಅನ್ನಿಸುವುದು ನೂರಾರು ಚಿಕ್ಕ ಹೂಗಳ ಒಂದು ಗೊಂಚಲು, ಅದರ ಬುಡಕ್ಕೆ ಮುಳ್ಳಿನ ಪದರ. ಅರ್ಜಿಮೋನ್‌ನಲ್ಲಿ ತೆಳ್ಳಗಿನ ಹಳದಿ ಎಸಳು ನಾಲ್ಕರಿಂದ ಆರು ಇರುತ್ತವೆ, ಅಷ್ಟೆ. ಬೂದು ಹಸಿರು ಎಲೆಯ ಮೇಲೆ ಬಿಳಿ ನರಗಳು. ಇಷ್ಟರಲ್ಲೂ ಗೊತ್ತಾಗದಿದ್ದರೆ ಕೈಗೆ ಬಟ್ಟೆ ಸುತ್ತಿಕೊಂಡು ಒಂದು ಎಲೆ ಮುರಿಯಿರಿ. ಮುರಿದ ಜಾಗದಲ್ಲಿ ಅರಿಶಿನ ಬಣ್ಣದ ಹಾಲು ಬಂತಾ? ಅಲ್ಲಿಗೆ ಮುಗಿಯಿತು. ಕೈ ತೊಳೆದುಕೊಳ್ಳಿ.

ಬ್ರಹ್ಮದಂಡೆ ಅಂತ ನಾನು ಕರೆಯುವುದು ಎಖಿನಾಪ್ಸ್ ಎಂಬ ಗಿಡವನ್ನು. ಅದು ಅಪ್ಪಟ ನಮ್ಮ ನೆಲದ ಥಿಸಲ್. ಒಣಭೂಮಿಯಲ್ಲಿ, ರಸ್ತೆ ಪಕ್ಕದ ಕಲ್ಲುಮಣ್ಣಿನಲ್ಲಿ ಮೊಣಕಾಲೆತ್ತರಕ್ಕೆ ಬೆಳೆಯುತ್ತದೆ. ಕೊಂಬೆಯ ತುದಿಯಲ್ಲಿ ಮುಳ್ಳಿನ ದುಂಡನೆ ಚೆಂಡು, ಅದರ ತುಂಬ ಬಿಳಿ ಅಥವಾ ತಿಳಿನೀಲಿ ಹೂ. ಎಲೆ ತಿರುಗಿಸಿದರೆ ಹಿಂದೆ ಬಿಳಿ ನೂಲು ಅಂಟಿಸಿದಂತೆ ರೋಮ. ಹಳದಿ ಹಾಲು ಇಲ್ಲವೇ ಇಲ್ಲ. ಸಮಸ್ಯೆ ಏನೆಂದರೆ ಒಂದೊಂದು ಊರಲ್ಲಿ ಈ ಎರಡು ಗಿಡಗಳಿಗೂ ಒಂದೇ ಹೆಸರು ಓಡುತ್ತದೆ. ಪುಸ್ತಕದಲ್ಲಿ ಒಂದರ ಗುಣ ಓದಿ, ಹೊಲದಲ್ಲಿ ಇನ್ನೊಂದನ್ನು ಕಿತ್ತು, ವಿಡಿಯೊದಲ್ಲಿ ಮೂರನೆಯದಕ್ಕೆ ಮದ್ದು ಹೇಳುವ ಮಹಾನುಭಾವರಿಗೆ ಈ ವ್ಯತ್ಯಾಸ ಬೇಕಿಲ್ಲ. ಅವರಿಗೆ ಬೇಕಿರುವುದು ನೋಡುಗರ ಸಂಖ್ಯೆ.

ಅರ್ಜಿಮೋನ್ ಬೀಜದ ಎಣ್ಣೆಯಲ್ಲಿ ಸ್ಯಾಂಗ್ವಿನಾರಿನ್ ಅನ್ನುವ ವಿಷ ಇದೆ. ಅದು ಸಣ್ಣ ರಕ್ತನಾಳಗಳನ್ನು ಹಿಗ್ಗಿಸಿ ಸೋರುವಂತೆ ಮಾಡುತ್ತದೆ. ಎರಡೂ ಕಾಲು ಊದುತ್ತವೆ, ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತದೆ. ಭೇದಿ, ಏದುಸಿರು, ಆಮೇಲೆ ಹೃದಯಕ್ಕೇ ಕುತ್ತು. ಕೆಲವರಿಗೆ ಕಣ್ಣೊಳಗೆ ಒತ್ತಡ ಏರಿ ಗ್ಲಾಕೋಮಾ ಬರುತ್ತದೆ. ಇದಕ್ಕೆ ಎಪಿಡೆಮಿಕ್ ಡ್ರಾಪ್ಸಿ ಅಂತ ಹೆಸರು. 1877ರಲ್ಲೇ ಕಲ್ಕತ್ತೆಯಲ್ಲಿ ಕಾಣಿಸಿಕೊಂಡಿತ್ತು. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಅರ್ಜಿಮೋನ್ ಎಣ್ಣೆ ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ಅಡುಗೆಗೆ ಸಾಸಿವೆ ಎಣ್ಣೆ ಬಳಸುವುದು ನಮ್ಮಲ್ಲಿ ಕಡಿಮೆ, ಹಾಗಾಗಿ ಈ ಕಾಯಿಲೆಯ ಹೆಸರು ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಬೀಜವನ್ನೇ ನೇರವಾಗಿ ಅರೆದು ಕುಡಿಯಬೇಕಾ?

ಬೀಜ ನೋಡೋಕೆ ಸಾಸಿವೆಯ ಹಾಗೇ ಕಪ್ಪು, ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಅಂಗೈ ಮೇಲೆ ಹಾಕಿ ಬಿಸಿಲಿಗೆ ಹಿಡಿಯಿರಿ. ಸಾಸಿವೆ ನುಣುಪಾಗಿ ಉರುಳುತ್ತದೆ. ಅರ್ಜಿಮೋನ್ ಬೀಜದ ಮೈ ಒರಟು, ಒಂದು ಬದಿಗೆ ಏಣಿನಂಥ ಗೆರೆ, ತುದಿಗೆ ಚಿಕ್ಕ ಮೂತಿ. ಒಗ್ಗರಣೆಯ ಬಿಸಿಗೆ ವಿಷ ಹೋಗುತ್ತದೆ ಅನ್ನುವ ಭರವಸೆ ಇಟ್ಟುಕೊಳ್ಳಬೇಡಿ.

ಇನ್ನು ಆ ಹಳದಿ ಹಾಲನ್ನು ಕಣ್ಣಿಗೆ ಬಿಟ್ಟರೆ ಪೊರೆ ಕರಗುತ್ತದೆ ಅನ್ನುವವರು. ಅವರ ಕಣ್ಣಿಗೆ ಮೊದಲು ಬಿಟ್ಟುಕೊಳ್ಳಲಿ.

ಬದುವಿನ ಗಿಡವನ್ನು ಏನು ಮಾಡಬೇಕು ಅಂತ ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಕಾಯಿ ಒಣಗಿ ತುದಿ ಬಿರಿಯುವ ಮೊದಲೇ ಬೇರುಸಹಿತ ಕೀಳಿ. ಇದು ಹರಡುವುದು ಬೀಜದಿಂದಲೇ, ಬಿದ್ದ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಕಾದು ಕೂರುತ್ತದೆ. ದನ ಮೇಯುತ್ತದೆ ಅಂತ ಬಿಡಬೇಡಿ, ದನ ಮೂಸಿಯೂ ನೋಡುವುದಿಲ್ಲ. ದನಕ್ಕಿರುವ ಬುದ್ಧಿ!

ಪ್ರಶ್ನೆ: ಲಿವರ್‌ಗೆ ಮಿಲ್ಕ್ ಥಿಸಲ್ ಮಾತ್ರೆ ಒಳ್ಳೆಯದಂತೆ. ನಮ್ಮ ಬ್ರಹ್ಮದಂಡೆ ಅದೇ ಅಲ್ವಾ? ಕಷಾಯ ಮಾಡಿದರೆ ದುಡ್ಡು ಉಳಿಯುತ್ತದೆ.

ಅಲ್ಲ. ಮಿಲ್ಕ್ ಥಿಸಲ್ ಮೆಡಿಟರೇನಿಯನ್ ಕಡೆಯ ಗಿಡ, ಎಲೆಯ ಮೇಲೆ ಹಾಲು ಚೆಲ್ಲಿದಂಥ ಬಿಳಿ ಪಟ್ಟೆ, ಹೂವು ನೇರಳೆ. ಅದರ ಬೀಜದಲ್ಲಿರುವ ಸಿಲಿಮರಿನ್ ಅನ್ನುವ ಅಂಶದ ಬಗ್ಗೆ ವೈದ್ಯರು ಮಾತಾಡಲಿ, ನಾನು ಗಿಡದವಳು. ಲಿವರ್ ತೊಂದರೆ ಇರುವವರು ಬದುವಿನ ಕಷಾಯ ಕುಡಿದು ಉಳಿಸುವ ದುಡ್ಡು ಆಸ್ಪತ್ರೆಗೇ ಹೋಗುತ್ತದೆ.

ಪ್ರಶ್ನೆ: ಕುಸುಬೆಯೂ ಥಿಸಲ್ ಜಾತಿ ಅಂತ ಮಗ ಹೇಳುತ್ತಾನೆ. ಹಾಗಾದರೆ ಅದರ ಎಣ್ಣೆ ತಿನ್ನಬಹುದಾ?

ಮಗ ಹೇಳಿದ್ದು ಸರಿ, ನಿಮ್ಮ ಭಯ ಸರಿಯಲ್ಲ. ವಿಜಯಪುರ, ಕಲಬುರಗಿ ಕಡೆ ಎರೆಭೂಮಿಯಲ್ಲಿ ತಲೆತಲಾಂತರದಿಂದ ಬೆಳೆದು ತಿಂದವರಿದ್ದಾರೆ. ಎಳೆ ಸೊಪ್ಪಿನ ಪಲ್ಯವಂತೂ ಜೋಳದ ರೊಟ್ಟಿಗೆ ಹೇಳಿ ಮಾಡಿಸಿದ್ದು. ಬೇರು ಆಳಕ್ಕೆ ಇಳಿಯುವುದರಿಂದ ಮಳೆ ನಿಂತ ಮೇಲೂ ಬದುಕುತ್ತದೆ. ಮುಳ್ಳಿರುವುದರಿಂದಲೇ ಜೋಳದ ಹೊಲದ ಅಂಚಿಗೆ ಸಾಲು ಹಾಕುತ್ತಿದ್ದರು, ದನ ಒಳಗೆ ನುಗ್ಗುತ್ತಿರಲಿಲ್ಲ. ಕೊಯ್ಲಿನಲ್ಲಿ ಕೈ ಹರಿಯುತ್ತದೆ ಅನ್ನುವವರಿಗೆ ನಾರಿ-6ರಂಥ ಮುಳ್ಳಿಲ್ಲದ ತಳಿಗಳಿವೆ. ಒಂದು ಮಾತು: ಇದರ ಎಸಳನ್ನೇ ಕೇಸರಿ ಅಂತ ಮಾರುತ್ತಾರೆ, ಅಗ್ಗಕ್ಕೆ ಸಿಕ್ಕರೆ ಅನುಮಾನಪಡಿ.

ಪ್ರಶ್ನೆ: ಟೊರಾಂಟೊದಲ್ಲಿದ್ದೇವೆ. ಹಿತ್ತಲಿನ ಕೆನಡಾ ಥಿಸಲ್ ಎಷ್ಟು ಅಗೆದರೂ ಮತ್ತೆ ಬರುತ್ತಿದೆ.

ಅಗೆಯುವುದರಿಂದಲೇ ಬರುತ್ತಿದೆ. ತುಂಡಾದ ಒಂದೊಂದು ಬೇರೂ ಹೊಸ ಗಿಡ. ಹೆಸರು ಕೆನಡಾದ್ದಾದರೂ ಅದು ಅಲ್ಲಿಗೆ ಹೊರಗಿನಿಂದ ಬಂದದ್ದು, ನಿಮ್ಮ ಹಾಗೇ. ಹೂ ಬಿಡಲು ಬಿಡದೆ ನೆಲಮಟ್ಟಕ್ಕೆ ಕತ್ತರಿಸುತ್ತಲೇ ಇರಿ. ಬೇರಿನಲ್ಲಿ ಕೂಡಿಟ್ಟ ಆಹಾರ ಖಾಲಿಯಾಗಬೇಕು. ಒಂದೇ ಬೇಸಿಗೆಯಲ್ಲಿ ಆಗುವ ಕೆಲಸವಲ್ಲ.

ಪ್ರಶ್ನೆ: ಸ್ಕಾಟ್ಲೆಂಡಿನಿಂದ ಬರುವಾಗ ಥಿಸಲ್ ಬೀಜ ಬ್ಯಾಗಿನಲ್ಲಿ ತರಬಹುದಾ? ಬಾಲ್ಕನಿಯ ಕುಂಡಕ್ಕೆ.

ಬೇಡ. ಪರವಾನಗಿ ಇಲ್ಲದೆ ಹೊರದೇಶದ ಬೀಜ ತರುವುದು ಕಾನೂನಿಗೆ ವಿರುದ್ಧ. ಒಂದು ಅರ್ಜಿಮೋನ್ ಸಾಲದಾ ನಮಗೆ?