ಸ್ಕ್ರೀನ್‌ಶಾಟ್ ಒಂದಿದ್ದರೆ ಸಾಕೇ?

ಪ್ರಶ್ನೆ: ಫೇಸ್‌ಬುಕ್‌ನಲ್ಲಿ ಎಲ್ಲರಿಗೂ ಕಾಣುವಂತೆ ಒಬ್ಬ ನನಗೆ ಕೊಲೆ ಬೆದರಿಕೆ ಹಾಕಿದ್ದಾನೆ. ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ. ಕೋರ್ಟಿನಲ್ಲಿ ನಿಲ್ಲುತ್ತದೆಯೇ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಅದೊಂದೇ ಸಾಲದು. ಆತ ಅಳಿಸುವ ಮೊದಲು, ಇವತ್ತೇ, ಪೋಸ್ಟಿನ ಪೂರ್ತಿ ಲಿಂಕ್ ಮತ್ತು ಅವನ ಪ್ರೊಫೈಲ್ ಲಿಂಕ್ ನಕಲಿಸಿಡಿ. ತೋರುವ ಹೆಸರನ್ನು ಯಾವಾಗ ಬೇಕಾದರೂ ಬದಲಿಸಬಹುದು. ಪ್ರತಿ ಖಾತೆಗೂ ಫೇಸ್‌ಬುಕ್ ಕೊಡುವ ಗುರುತಿನ ಸಂಖ್ಯೆ ಹಾಗಲ್ಲ. ಕಂಪ್ಯೂಟರಿನಲ್ಲಿ ತೆರೆದು, ಬ್ರೌಸರ್‌ನ ಮೇಲ್ಭಾಗದಲ್ಲಿ ಲಿಂಕ್ ತೋರುವ ಪಟ್ಟಿ, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್ ರೆಕಾರ್ಡ್ ಮಾಡಿ. ಕತ್ತರಿಸಬೇಡಿ, ಗೆರೆ ಎಳೆಯಬೇಡಿ.

ಹೆಚ್ಚಿನವರು ಎಡವುವುದು ಇಲ್ಲಿ: ಚಿತ್ರವನ್ನು ವಾಟ್ಸಾಪ್‌ನಲ್ಲಿ ಪೊಲೀಸರಿಗೆ ಕಳಿಸುತ್ತಾರೆ. ಅದು ಚಿತ್ರವನ್ನು ಕುಗ್ಗಿಸುತ್ತದೆ, ಹ್ಯಾಶ್ ಮೌಲ್ಯ (ಫೈಲಿನ ಬೆರಳಚ್ಚಿನಂಥ ಸಂಕೇತ) ಬದಲಾಗುತ್ತದೆ, ಮೂಲದೊಂದಿಗೆ ತಾಳೆಯಾಗುವುದಿಲ್ಲ. ಮೊದಲು ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಹ್ಯಾಶ್ ತೆಗೆದು ಬರೆದಿಡಿ, ನಂತರ ಪೆನ್‌ಡ್ರೈವ್‌ಗೆ ಹಾಕಿ ಕೊಡಿ. ಮೂಲ ಫೋನನ್ನು ರೀಸೆಟ್ ಮಾಡಬೇಡಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರವೂ ಬೇಕು. ಭಾಗ 'ಎ' ನೀವು, ಭಾಗ 'ಬಿ' ತಜ್ಞರು ತುಂಬಬೇಕು. ಎರಡರಲ್ಲೂ ಹ್ಯಾಶ್ ನಮೂದಿಸಬೇಕು.

ಇಷ್ಟರಿಂದ ಬೆದರಿಕೆ ಇತ್ತೆಂದು ತೋರಿಸಬಹುದು, ಬರೆದವನು ಇವನೇ ಎಂದಲ್ಲ. ಅದಕ್ಕೆ ಲಾಗಿನ್ ಐಪಿ ವಿವರ (ಯಾವ ಇಂಟರ್ನೆಟ್ ಸಂಪರ್ಕದಿಂದ ಖಾತೆ ತೆರೆಯಲಾಯಿತು ಎಂಬ ದಾಖಲೆ) ಬೇಕು, ಅದನ್ನು ಕಂಪನಿಯಿಂದ ತರಿಸುವುದು ತನಿಖಾಧಿಕಾರಿಯ ಕೆಲಸ. ನಕಲಿ ಖಾತೆಯಿಂದ ಅವನನ್ನು ಮಾತಿಗೆಳೆಯುವ ಸಾಹಸ ದಯವಿಟ್ಟು ಬೇಡ. ಎಚ್ಚೆತ್ತು ಎಲ್ಲವನ್ನೂ ಅಳಿಸಿಬಿಡುತ್ತಾನೆ.