ನಾನು ಸಾಕಿರುವ ಟ್ಯಾರಂಟುಲ (ಮೈತುಂಬ ಕೂದಲಿರುವ ದೊಡ್ಡ ಜೇಡ) ಎರಡು ತಿಂಗಳಿಂದ ಏನೂ ತಿಂದಿಲ್ಲ, ಹೊಟ್ಟೆ ಮೇಲೆ ಬೋಳಾಗಿ ಕಪ್ಪಾಗಿದೆ. ಕಾಯಿಲೆ ಇರಬಹುದಾ? ಬಿಸಿಗೆ ಹೀಟ್ ಲ್ಯಾಂಪ್ (ಕಾವು ಕೊಡುವ ದೀಪ) ಇಡು ಅಂತ ಸ್ನೇಹಿತರು ಹೇಳುತ್ತಿದ್ದಾರೆ, ಇಡಬಹುದಾ?

ನೀವು ಹೇಳಿರುವ ಲಕ್ಷಣ ನೋಡಿದರೆ ಇದು ಕಾಯಿಲೆಗಿಂತ ಪೊರೆ ಬಿಡುವ ತಯಾರಿ ಅನ್ನಿಸುತ್ತದೆ. ಚಿಲಿಯನ್ ರೋಸ್ ಅನ್ನುವ ಜಾತಿಯ ಹೆಣ್ಣು, ಕ್ರಿಕೆಟ್ ಹುಳ ಹಾಕಿದರೆ ಹಿಂದೆ ಸರಿಯುತ್ತದೆ, ಓಡಾಟ ಕಮ್ಮಿ, ಆದರೆ ಹೊಟ್ಟೆ ಬತ್ತಿಲ್ಲ ಅಂತ ಬರೆದಿದ್ದೀರಿ. ಆ ಕೊನೆಯ ಮಾತೇ ನನಗೆ ಧೈರ್ಯ ಕೊಟ್ಟಿದ್ದು. ಈ ಜಾತಿ ಉಪವಾಸಕ್ಕೆ ಹೆಸರುವಾಸಿ, ವರ್ಷ ದಾಟಿ ತಿನ್ನದೆ ಇದ್ದು ಆಮೇಲೆ ಚೆನ್ನಾಗಿ ಬದುಕಿದವೂ ಇವೆ. ನಮ್ಮನೆಯದೂ ಚಳಿಗಾಲ ಬಂತೆಂದರೆ ಊಟ ಬಿಡುತ್ತದೆ.

ಬೋಳಾಗಿದ್ದೂ ರೋಗದಿಂದಲ್ಲ. ಅಮೆರಿಕ ಖಂಡಗಳ ಟ್ಯಾರಂಟುಲಗಳಲ್ಲಿ ಬಹುಪಾಲು ಹೆದರಿದಾಗ ಹಿಂಗಾಲಿನಿಂದ ಹೊಟ್ಟೆ ಕೆರೆದು ತುರಿಕೆ ಕೂದಲನ್ನು ಗಾಳಿಗೆ ತೂರುತ್ತವೆ. ಆ ಜಾಗ ಈಗ ಕಪ್ಪಾಗುತ್ತಿದ್ದರೆ ಹಳೇ ಚರ್ಮದ ಅಡಿಯಲ್ಲಿ ಹೊಸ ಕೂದಲು ಬಂದಿದೆ ಅಂತ. (ಆ ಕೂದಲು ಕಣ್ಣಿಗೆ ಹೊಕ್ಕರೆ ದೊಡ್ಡ ತೊಂದರೆ. ಡಬ್ಬಿ ತೆರೆದಾಗ ದಯವಿಟ್ಟು ಮುಖ ಹತ್ತಿರ ಒಯ್ಯಬೇಡಿ.)

ಒಂದು ದಿನ ನೋಡಿದರೆ ಅದು ಅಂಗಾತ ಬಿದ್ದಿರುತ್ತದೆ. ಸತ್ತೇ ಹೋಯಿತು ಅಂದುಕೊಂಡು ತಿರುಗಿಸಬೇಡಿ, ಮುಟ್ಟಬೇಡಿ, ನೀರು ಚಿಮುಕಿಸಬೇಡಿ. ಟ್ಯಾರಂಟುಲ ಪೊರೆ ಬಿಡುವುದೇ ಹಾಗೆ ಮಲಗಿ. ಮೊದಲು ಎದೆಯ ಮೇಲಿನ ಚಿಪ್ಪು ಡಬ್ಬಿಯ ಮುಚ್ಚಳದ ಹಾಗೆ ಎದ್ದು ಬರುತ್ತದೆ, ಆಮೇಲೆ ಒಂದೊಂದೇ ಕಾಲನ್ನು ಸ್ವಲ್ಪಸ್ವಲ್ಪವಾಗಿ ಎಳೆದುಕೊಳ್ಳುತ್ತದೆ. ನಡುನಡುವೆ ಅಲುಗಾಡದೆ ಸುಮ್ಮನಾಗುತ್ತದೆ, ಆಗಲೂ ಗಾಬರಿ ಬೇಡ. ದೊಡ್ಡ ಜೇಡಕ್ಕೆ ಹಲವಾರು ಗಂಟೆ ಹಿಡಿಯುತ್ತದೆ. ಹೊರಬಂದಾಗ ಕೋರೆಹಲ್ಲು ಬೆಳ್ಳಗೆ, ಮೆತ್ತಗೆ ಇರುತ್ತವೆ. ಅವು ಕೆಂಪಾಗಿ, ಪೂರ್ತಿ ಕಪ್ಪಾಗುವವರೆಗೆ ಊಟ ಹಾಕಬಾರದು. ಒಂದೆರಡು ವಾರ ಕಾಯಿರಿ. ಒಳಗೆ ಜೀವಂತ ಕ್ರಿಕೆಟ್ ಹುಳ ಇದ್ದರೆ ಇವತ್ತೇ ತೆಗೆಯಿರಿ. ಮೆತ್ತಗಿರುವ ಜೇಡವನ್ನು ಆ ಹುಳವೇ ಕಚ್ಚಿ ಗಾಯ ಮಾಡುತ್ತದೆ.

ಭಯಪಡಬೇಕಾದದ್ದು ಇದರ ಉಲ್ಟಾ ಭಂಗಿಗೆ: ಹೊಟ್ಟೆ ಕೆಳಗೇ ಇದ್ದು, ಎಂಟೂ ಕಾಲು ಮೈಯಡಿಗೆ ಮುದುಡಿಕೊಂಡಿರುವುದು. ಜೇಡದ ಕಾಲಿನ ಮುಖ್ಯ ಕೀಲುಗಳಲ್ಲಿ ಮಡಚಲು ಸ್ನಾಯು ಉಂಟು, ಚಾಚಲು ಇಲ್ಲ. ಮೈಯೊಳಗಿನ ದ್ರವದ ಒತ್ತಡದಿಂದಲೇ ಕಾಲು ಚಾಚಿಕೊಳ್ಳುತ್ತದೆ. ಮೈಯಲ್ಲಿ ನೀರು ಇಂಗಿತೆಂದರೆ ಒತ್ತಡ ಇಳಿದು ಕಾಲು ಒಳಕ್ಕೆ ಸೇದಿಕೊಳ್ಳುತ್ತವೆ. ಜೊತೆಗೆ ಹೊಟ್ಟೆ ಸುಕ್ಕುಗಟ್ಟಿದ್ದರಂತೂ ತಡಮಾಡಬೇಡಿ. ಆಳವಿಲ್ಲದ ತಟ್ಟೆಯಲ್ಲಿ ನೀರಿಟ್ಟು ಬಾಯಿಯ ಭಾಗ ಮಾತ್ರ ನೀರಿಗೆ ತಾಗುವಂತೆ ಮೆಲ್ಲಗೆ ಕೂರಿಸಿ. ಉಸಿರಾಟದ ಅಂಗ ಹೊಟ್ಟೆಯ ಕೆಳಬದಿಯಲ್ಲಿದೆ, ಅದು ನೆನೆಯಬಾರದು. ಸಮಯಕ್ಕೆ ನೀರು ಸಿಕ್ಕರೆ ಎಷ್ಟೋ ಜೇಡ ಚೇತರಿಸಿಕೊಳ್ಳುತ್ತವೆ. ಹಾಗಾಗಿ ನೀರಿನ ತಟ್ಟೆ ಯಾವತ್ತೂ ಖಾಲಿ ಇರಕೂಡದು, ತಿನ್ನದಿದ್ದಾಗಲೂ.

ನಿಮ್ಮ ಸ್ನೇಹಿತರು ಹೇಳಿದ ಹೀಟ್ ಲ್ಯಾಂಪ್ ಮಾತ್ರ ಖಂಡಿತ ಬೇಡ. ಮನುಷ್ಯರಿಗೆ ಹಿತವೆನಿಸುವ ಕೋಣೆಯ ಬಿಸಿ ಇದಕ್ಕೂ ಸಾಕು. ದೀಪದ ಕಾವು ಮೈಯ ನೀರನ್ನೇ ಹೀರುತ್ತದೆ. ಡಬ್ಬಿ ತೀರಾ ಎತ್ತರವಿದ್ದರೆ ತಳಕ್ಕೆ ಹಾಕುವ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇನ್ನಷ್ಟು ತುಂಬಿಸಬೇಕು, ಆದರೆ ಪೊರೆ ಬಿಟ್ಟು ಗಟ್ಟಿಯಾದ ಮೇಲೆ. ನೆಲದ ಮೇಲೆ ಬದುಕುವ ಇಂಥ ಜೇಡ ಡಬ್ಬಿಯ ಗೋಡೆ ಹತ್ತಿ ಎತ್ತರದಿಂದ ಬಿದ್ದರೆ ಹೊಟ್ಟೆಯೇ ಒಡೆದುಹೋಗಬಹುದು.

ಬಾಯಿಯ ಸುತ್ತ ಬಿಳಿ ಲೋಳೆಯಂಥದ್ದು, ಕೆಟ್ಟ ವಾಸನೆ ಕಂಡರೆ ಅದು ಬೇರೆ ಕಥೆ. ದುಂಡುಹುಳುಗಳ ಸೋಂಕಿರಬಹುದು, ಅದಕ್ಕೆ ನಂಬಿಕೆಯ ಔಷಧಿಯಿಲ್ಲ. ಬೇರೆ ಜೇಡಗಳಿದ್ದರೆ ಇದನ್ನು ದೂರವಿಡಿ, ಒಂದೇ ಚಿಮಟ ಬಳಸಬೇಡಿ, ಹಕ್ಕಿ ಹಲ್ಲಿ ಇಂಥವನ್ನೆಲ್ಲ ನೋಡುವ ಪಶುವೈದ್ಯರಿಗೆ ತೋರಿಸಿ.

ಇನ್ನೊಂದು ವಿಷಯ, ಹೆಣ್ಣು ಅನ್ನುವುದು ನಿಮಗೆ ಹೇಗೆ ಗೊತ್ತು? ಅಂಗಡಿಯವರು ಹೇಳಿದ್ದಷ್ಟೇ ಆದರೆ ಮುಂಗಾಲುಗಳನ್ನು ಗಮನಿಸಿ. ಒಳಬದಿಯಲ್ಲಿ ಸಣ್ಣ ಕೊಕ್ಕೆಗಳಿದ್ದು, ಬಾಯಿಯ ಪಕ್ಕದ ಗಿಡ್ಡ ಕೈಗಳ ತುದಿ ಉಬ್ಬಿದ್ದರೆ ಅದು ಪ್ರಾಯಕ್ಕೆ ಬಂದ ಗಂಡು. ಹೆಣ್ಣು ಇಪ್ಪತ್ತು ವರ್ಷ ಬಾಳಬಹುದು, ಗಂಡಿಗೆ ಪ್ರಾಯ ಬಂದ ಮೇಲೆ ಹೆಚ್ಚು ಕಾಲವಿಲ್ಲ, ಊಟ ಬಿಡುವುದೂ ಆಗ ಸಹಜ. ಗಾಜಿನ ಹೊರಗಿನಿಂದಲೇ ಮುಂಗಾಲು ಕಾಣುವಂತೆ ಒಂದು ಫೋಟೊ ಹಾಕಿ, ನೋಡಿ ಹೇಳುತ್ತೇನೆ.