ಅಗೆಯದೆ ಕಂಡ ಆವಿಗೆ

ಪ್ರಶ್ನೆ: ಮಗಳನ್ನು ನೋಡಲು ಇಂಗ್ಲೆಂಡಿನ ಪೀಟರ್‌ಬರೋಗೆ ಹೋಗಿದ್ದೆ. ಬಡಾವಣೆಯಾಗಲಿರುವ ಗೋಧಿ ಹೊಲವೊಂದರಲ್ಲಿ ಇಬ್ಬರು ಉದ್ದನೆಯ ಕೊಳವೆಗಳಿದ್ದ ಗಾಡಿಯನ್ನು ಸಾಲು ಹಿಡಿದು ತಳ್ಳುತ್ತಿದ್ದರು. ಪುರಾತತ್ವದ ಕಾಂತೀಯ ಸಮೀಕ್ಷೆಯಂತೆ. ಅಗೆಯದೆ ಏನು ತಿಳಿಯುತ್ತದೆ? ನಿಧಿಯೂ ಸಿಗುತ್ತದೆಯೇ?
– ನಿವೃತ್ತ ಶಿಕ್ಷಕರು, ಸಿಂಧನೂರು

ಉತ್ತರ: ನಿಧಿಯ ಮಾತನ್ನು ಮೊದಲು ಮುಗಿಸುತ್ತೇನೆ ಮೇಷ್ಟ್ರೇ. ಚಿನ್ನ, ಬೆಳ್ಳಿ ಆ ಯಂತ್ರಕ್ಕೆ ಕಾಣುವುದೇ ಇಲ್ಲ. ಅದು ಹುಡುಕುವುದು ಮನುಷ್ಯ ಸುಟ್ಟ, ತೋಡಿದ, ಮುಚ್ಚಿದ ಮಣ್ಣನ್ನು. ನನಗಂತೂ ಅದೇ ದೊಡ್ಡ ನಿಧಿ.

ಈ ವಿದ್ಯೆ ಮೊದಲು ಹೊಲಕ್ಕಿಳಿದದ್ದೇ ನೀವು ಹೋಗಿದ್ದ ಊರಿನ ಪಕ್ಕದಲ್ಲಿ. 1958ರಲ್ಲಿ ವಾಟರ್ ನ್ಯೂಟನ್ ಬಳಿ ಎ1 ಹೆದ್ದಾರಿಯ ಕಾಮಗಾರಿ ಶುರುವಾಗುವುದರಲ್ಲಿತ್ತು. ಅಲ್ಲಿ ಮಡಕೆಗೆ ಹೆಸರಾದ ರೋಮನ್ ಪಟ್ಟಣವೊಂದಿತ್ತು. ಆಕ್ಸ್‌ಫರ್ಡ್‌ನ ವಿಜ್ಞಾನಿ ಮಾರ್ಟಿನ್ ಏಟ್ಕಿನ್ ಕಾಂತ ಕ್ಷೇತ್ರ ಅಳೆಯುವ ಪ್ರೋಟಾನ್ ಮ್ಯಾಗ್ನೆಟೋಮೀಟರ್ ತಂದು ನೆಲ ಅಳೆದರು. ಕುಂಬಾರರು ಮಡಕೆ ಸುಡುತ್ತಿದ್ದ ಆವಿಗೆ ಸಿಕ್ಕೇಬಿಟ್ಟಿತು.

ಆವಿಗೆಯೇ ಏಕೆ ಎಂದರೆ, ಮಣ್ಣಿನಲ್ಲಿರುವ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ ಸುಮಾರು 580 ಡಿಗ್ರಿ ಸೆಲ್ಸಿಯಸ್ ದಾಟಿ ಕಾದರೆ ತನ್ನ ಕಾಂತತ್ವ ಕಳೆದುಕೊಳ್ಳುತ್ತದೆ. ತಣಿಯುವಾಗ ಅಂದಿನ ಭೂಕಾಂತ ಕ್ಷೇತ್ರದ ದಿಕ್ಕನ್ನು ಹಿಡಿದುಕೊಳ್ಳುತ್ತದೆ, ಸಾವಿರಾರು ವರ್ಷ ಬಿಡುವುದಿಲ್ಲ. ಮುಚ್ಚಿಹೋದ ಕಂದಕದ ಗುರುತು ಇಷ್ಟು ಗಟ್ಟಿಯಲ್ಲ. ಅದರಲ್ಲಿ ತುಂಬಿಕೊಂಡ ಮೇಲ್ಮಣ್ಣು ಸುತ್ತಲಿನ ಕೆಳಮಣ್ಣಿಗಿಂತ ಒಂದಿಷ್ಟು ಹೆಚ್ಚು ಕಾಂತೀಯ, ಅಷ್ಟೇ. ಕಾಂತ ಕ್ಷೇತ್ರವನ್ನು ಅಳೆಯುವ ಮಾನ ನ್ಯಾನೊಟೆಸ್ಲಾ; ಅಲ್ಲಿನ ಭೂಕಾಂತ ಕ್ಷೇತ್ರ ಸುಮಾರು 49,000 ನ್ಯಾನೊಟೆಸ್ಲಾ. ಕಂದಕ ಅದಕ್ಕೆ ಸೇರಿಸುವುದು ಕೆಲವೇ ನ್ಯಾನೊಟೆಸ್ಲಾ. ನೀವು ಕಂಡ ಪ್ರತಿ ಕೊಳವೆಯಲ್ಲೂ ಮೇಲೊಂದು, ಕೆಳಗೊಂದು ಸಂವೇದಕ ಇರುತ್ತವೆ. ಎರಡರ ವ್ಯತ್ಯಾಸ ತೆಗೆದರೆ ಭೂಮಿಯ ಪಾಲು ಕಳೆದು ಕಂದಕದ ಪಾಲು ಉಳಿಯುತ್ತದೆ. ಇಷ್ಟು ಸಣ್ಣ ಅಳತೆಯನ್ನು ಕಬ್ಬಿಣ ಕೆಡಿಸಿಬಿಡುತ್ತದೆ, ಹಾಗಾಗಿ ಗಾಡಿ ತಳ್ಳುವವರು ಬೆಲ್ಟಿನ ಬಕಲ್, ಬೀಗದ ಕೈ, ಕಬ್ಬಿಣದ ಮೊಳೆಯ ಬೂಟು ಎಲ್ಲವನ್ನೂ ಬಿಟ್ಟುಬರಬೇಕು. ತಂತಿಬೇಲಿಯ ಪಕ್ಕದ ನೆಲವಂತೂ ಲೆಕ್ಕಕ್ಕೇ ಸಿಗುವುದಿಲ್ಲ.

ಈ ಅಳತೆಗಳಿಂದ ಮೂಡುವ ಚಿತ್ರ ಖಾಲಿ ಬಂದರೆ ನೆಲವೂ ಖಾಲಿಯೆಂದು ಕೆಲವರು ಕೈತೊಳೆದುಕೊಳ್ಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಸಣ್ಣ ಗೋರಿ, ಕಂಬ ನೆಟ್ಟ ಕುಳಿ, ಹೊಳೆಯ ಮೆಕ್ಕಲಿನಡಿ ಆಳಕ್ಕೆ ಹೋದ ಮನೆ ಯಂತ್ರದ ಕಣ್ಣು ತಪ್ಪಿಸುತ್ತವೆ. ಪರೀಕ್ಷಾ ಗುಂಡಿ ತೋಡಿಯೇ ನೋಡಬೇಕು. ಇಂಗ್ಲೆಂಡಿನಲ್ಲಿ 1990ರ ಕಟ್ಟಡ ಯೋಜನಾ ಮಾರ್ಗಸೂಚಿಯಿಂದೀಚೆಗೆ ಇಂಥ ಖರ್ಚು ಸಾಮಾನ್ಯವಾಗಿ ಕಟ್ಟುವವರದ್ದೇ.

ನಮ್ಮಲ್ಲಿ? ಪ್ರಾಚೀನ ಸ್ಮಾರಕಗಳ ಕಾಯ್ದೆ ಬಂದದ್ದೂ 1958ರಲ್ಲೇ. 2010ರ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ಕಾಮಗಾರಿಗೆ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಪಟ್ಟಿಯಲ್ಲಿಲ್ಲದ ಹೊಲಕ್ಕೆ ಆ ರಕ್ಷಣೆ ಇಲ್ಲ. ನಿಮ್ಮ ರಾಯಚೂರು ಸೀಮೆಯ ನವಶಿಲಾಯುಗದ ಬೂದಿದಿಬ್ಬಗಳು ಸಗಣಿ ರಾಶಿ ಸುಟ್ಟು ಉಳಿದವು. ಅಂಥ ಸುಟ್ಟ ನೆಲವೇ ಈ ಯಂತ್ರಕ್ಕೆ ಚೆನ್ನಾಗಿ ಕಾಣುವಂಥದ್ದು. ನಿಮ್ಮ ಸುತ್ತಮುತ್ತ ಹಾಗೊಂದು ದಿಬ್ಬಕ್ಕೆ ಜೆಸಿಬಿ ಬರುವ ಸುಳಿವು ಸಿಕ್ಕರೆ ಫೋಟೋ, ಸರ್ವೆ ನಂಬರ್ ಸಹಿತ ಪುರಾತತ್ವ ಇಲಾಖೆಗೆ ಅಂದೇ ಬರೆಯಿರಿ. ಆ ಪತ್ರದ ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಕಳಿಸಿ.